ಮೊರಾಕ್ಕೋದ ದೊರೆ ಮತ್ತು ನ್ಯಾಯಪೀಠ

2011ರ ಫೆಬ್ರುವರಿ 20ರಂದು ರಬಾತ್, ಕಾಸಾಬ್ಲಾಂಕಾ ಮೊದಲಾದ ನಗರಗಳಲ್ಲಿ ಬೀದಿಗಿಳಿದ ಮೊರಾಕ್ಕೋದ ತರುಣರಲ್ಲಿ ಬಹುಮಂದಿ ಸಿಂಹಾಸನವನ್ನು ಉರುಳಿಸಬೇಕೆನ್ನಲಿಲ್ಲ; ಅದು ಸಂವಿಧಾನಕ್ಕೆ ಅಧೀನವಾಗಬೇಕೆಂದರು. ಮೂರು ವಾರ ತುಂಬುವ ಮುನ್ನವೇ ದೊರೆ ಆರನೆಯ ಮೊಹಮ್ಮದರು ಸುಧಾರಣೆಯ ವಾಗ್ದಾನವಿತ್ತರು. ಜುಲೈ 1ರಂದು ಜನಮತವನ್ನು ಪಡೆದು ನೂತನ ಸಂವಿಧಾನವು ಅಸ್ತಿತ್ವಕ್ಕೆ ಬಂದಿತು.

ಅದೇ ವರ್ಷ ಲಿಬಿಯ ಕಂಡ ರಕ್ತಪಾತವನ್ನು ನೆನೆದಾಗ ಈ ಪರಿವರ್ತನೆಯನ್ನು ಹಗುರಾಗಿ ಕಾಣಲಾಗದು. ನ್ಯಾಯಾಧೀಶರ ನೇಮಕ, ಬಡ್ತಿ, ಶಿಸ್ತುಗಳನ್ನು ನೋಡಿಕೊಳ್ಳುತ್ತಿದ್ದ ಮಂಡಲಿಯಲ್ಲಿ ಹಿಂದೆ ನ್ಯಾಯಮಂತ್ರಿಯೇ ಉಪಾಧ್ಯಕ್ಷನಾಗಿದ್ದನು. ಹೊಸ ಸಂವಿಧಾನವು ಆತನನ್ನು ಅಲ್ಲಿಂದ ಎಬ್ಬಿಸಿ, ನ್ಯಾಯಾಧೀಶರೇ ಚುನಾಯಿಸಿದ ಹತ್ತು ಮಂದಿಗೆ ಸ್ಥಾನವಿತ್ತಿತು. 2017ರಲ್ಲಿ ಸರ್ಕಾರಿ ಅಭಿಯೋಜಕರೂ ಮಂತ್ರಿಯ ಹಿಡಿತದಿಂದ ಹೊರಬಂದರು. ಆದಾಗ್ಯೂ ಆ ಮಂಡಲಿಯ ಅಧ್ಯಕ್ಷಸ್ಥಾನ ದೊರೆಯದು. ಅದರ ಐವರು ಸದಸ್ಯರು ಅವರಿಂದ ನಿಯುಕ್ತರು. ತೀರ್ಪುಗಳು ಹೊರಡುವುದೂ ಅವರ ಹೆಸರಿನಲ್ಲಿಯೇ. ಮಂತ್ರಿಯಿಂದ ಬಿಡುಗಡೆ ಹೊಂದಿದ ನ್ಯಾಯಾಂಗವು ಅರಮನೆಯಿಂದಲೂ ಬಿಡುಗಡೆ ಹೊಂದಿತೆಂದು ನಾನು ಒಪ್ಪಲಾರೆ.

ನ್ಯಾಯಾಂಗದ ಪೂರ್ಣ ಬಿಡುಗಡೆಗೆ ಧರ್ಮವೇ ಅಡ್ಡಿಯೆಂಬ ವಾದವೂ ನನಗೆ ಸಮ್ಮತವಲ್ಲ. ವಿವಾಹದ ವಯಸ್ಸನ್ನು ಸ್ತ್ರೀಪುರುಷರಿಬ್ಬರಿಗೂ ಹದಿನೆಂಟಕ್ಕೆ ನಿಲ್ಲಿಸಿದ 2004ರ ಕುಟುಂಬಸಂಹಿತೆ 'ಮುದವ್ವನ'ವನ್ನು ಪಾರ್ಲಿಮೆಂಟಿನ ಮುಂದಿಡುವಾಗ, 'ವಿಶ್ವಾಸಿಗಳ ನಾಯಕ'ರೆಂಬ ಬಿರುದುಳ್ಳ ಇದೇ ದೊರೆ ಕುರಾನು, ಹದೀಸುಗಳ ಆಧಾರದಿಂದಲೇ ಅದನ್ನು ಸಮರ್ಥಿಸಿದ್ದರು. ಕೊರತೆಯಿರುವುದು ಬೇರೆಡೆ. ಆ ಸಂಹಿತೆಯ 20ನೆಯ ವಿಧಿಯಂತೆ ನ್ಯಾಯಾಧೀಶನು ಅಪ್ರಾಪ್ತೆಯ ತಂದೆತಾಯಿಗಳನ್ನು ವಿಚಾರಿಸಿ, ವೈದ್ಯಕೀಯ ಪರೀಕ್ಷೆಯನ್ನೋ ಸಾಮಾಜಿಕ ವಿಚಾರಣೆಯನ್ನೋ ನಡೆಸಿ, ಕಾರಣಗಳನ್ನು ಬರೆದಿಟ್ಟು ಮದುವೆಗೆ ಅನುಮತಿ ನೀಡಬಹುದು. ನೀಡಿದ ಮೇಲೆ ಆ ಆಜ್ಞೆಯ ಮೇಲೆ ಅಪೀಲು ಇಲ್ಲ! ಪರಿಶೀಲನೆಗೆ ಒಳಗಾಗದ ಅಧಿಕಾರವು ನ್ಯಾಯಾಧೀಶನ ಕೈಯಲ್ಲಿದ್ದರೂ ನಿರಂಕುಶವೇ ಅಲ್ಲವೆ? ವಿನಾಯಿತಿಯನ್ನು ಹದಿನೇಳಕ್ಕೆ ಸೀಮಿತಗೊಳಿಸುವ ಸೂಚನೆಯು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಒಳ್ಳೆಯದೇ, ಆದರೆ ಸಾಲದು.

ಸಂವಿಧಾನದ 133ನೆಯ ವಿಧಿಯಾದರೋ, ತನ್ನ ಮೊಕದ್ದಮೆಗೆ ಅನ್ವಯವಾಗುವ ಶಾಸನವೇ ಸಂವಿಧಾನವಿರುದ್ಧವೆಂದು ಆಕ್ಷೇಪಿಸುವ ಹಕ್ಕನ್ನು ಸಾಮಾನ್ಯ ಕಕ್ಷಿದಾರನಿಗೂ ಕೊಟ್ಟಿತು. ಅದನ್ನು ಕಾರ್ಯರೂಪಕ್ಕೆ ತರಬೇಕಾದ ಶಾಸನ ಮಾತ್ರ ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. 2018ರಲ್ಲಿ ಅದರ ಹಲವು ಅಂಶಗಳು ಸಂವಿಧಾನಕ್ಕೆ ಒಪ್ಪುವಂಥವಲ್ಲವೆಂದು ಸಂವಿಧಾನ ನ್ಯಾಯಾಲಯವೇ ಹೇಳಬೇಕಾಯಿತು. ಮಂಡಲಿಯ ಪೀಠಗಳಲ್ಲಿ ಯಾರು ಕುಳಿತರೆಂಬ ಲೆಕ್ಕಕ್ಕಿಂತ ಈ ಒಂದು ಹಕ್ಕು ಹಿರಿದು. 20ನೆಯ ವಿಧಿಯಂತಹ ಕಟ್ಟಳೆಯನ್ನು ದೊರೆಯ ಅನುಗ್ರಹಕ್ಕೆ ಕಾಯದೆ, ತನ್ನ ಹಕ್ಕಿನಿಂದಲೇ ಪ್ರಶ್ನಿಸುವ ಶಕ್ತಿಯನ್ನು ಅದು ಹದಿನಾರರ ಬಾಲೆಯೊಬ್ಬಳಿಗೂ ಕೊಡಬಲ್ಲುದು.