ಕೃಷ್ಣೆಯಾಚೆಯ ಹಳೆಯ ಫಾರ್ಚ್ಯೂನರ್

ರಾಯಚೂರಿನಲ್ಲಿ ಮಾರಾಟಕ್ಕಿರುವ ಹಳೆಯ ಫಾರ್ಚ್ಯೂನರಿನಂತಹ ದೊಡ್ಡ ಗಾಡಿ ಮಕ್ತಲ್, ಗದ್ವಾಲ, ನಾರಾಯಣಪೇಟೆಗಳ ಮನೆಗಳನ್ನು ಸೆಳೆಯುವುದು ಸಹಜ. ಕೊಳ್ಳುವವರು ಟೈರು, ಎಂಜಿನ್ನುಗಳನ್ನು ಪರೀಕ್ಷಿಸುತ್ತಾರೆ. ಮೊದಲು ನೋಡಬೇಕಾದುದು ಕಾಗದಗಳನ್ನು. ಕರ್ನಾಟಕದ ನೋಂದಣಿ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವಿಲ್ಲದೆ ವಾಹನವು ತೆಲಂಗಾಣದ ದಾಖಲೆಗೆ ಬಾರದು. ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆ ಬೇಕು. ತೆಲಂಗಾಣದ ಜೀವಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡತಕ್ಕದ್ದು. ಇಂತಹ ಗಾಡಿಗೆ ಅದು ಸಣ್ಣ ಮೊತ್ತವಲ್ಲ.

ಮಾರುವವರಿಗೂ ಭಯವಿದೆ, ಅವರಿಗೇ ಹೆಚ್ಚೆನ್ನಬಹುದು. 2018ರಲ್ಲಿ ತೀರ್ಪಾದ ನವೀನ್ ಕುಮಾರ್ ಪ್ರಕರಣದಲ್ಲಿ ವಾಹನ ಹಲವು ಕೈ ಬದಲಾಗಿತ್ತು, ದಾಖಲೆಯಲ್ಲಿನ ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತ ಪರಿಹಾರದ ಹೊಣೆ ಆ ಹೆಸರಿನವರದೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೆಸರು ವರ್ಗಾವಣೆಗೆ ಕೊಂಡವರು ಅರ್ಜಿ ಸಲ್ಲಿಸಬೇಕಾದ ಅವಧಿ 30 ದಿನ.