ರಸ್ತೆಬದಿಯ ನೆಲಕ್ಕೂ ಬಾಡಿಗೆ ಇರಲಿ

ಶಿರಸಿ ಪೇಟೆಯಲ್ಲಿ ಕಾರು ನಿಲ್ಲಿಸಲು ಶುಲ್ಕ ಇಡಬೇಕು ಎಂದವನಿಗೆ ಬೈಗುಳಕ್ಕೇನೂ ಬರವಿಲ್ಲ. ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಸಿ.ಪಿ. ಬಜಾರ್, ನಟರಾಜ ರಸ್ತೆ, ಶಿವಾಜಿ ಚೌಕ, ದೇವಿಕೆರೆಯ ಆಸುಪಾಸು ಇಷ್ಟು ಕಡೆ ಕಾರಿಗೆ ಮೊದಲ ಅರ್ಧ ತಾಸು ಪುಕ್ಕಟೆ. ಆಮೇಲೆ ತಾಸಿಗೆ 10 ರೂಪಾಯಿ. ಎರಡು ತಾಸು ದಾಟಿದರೆ ತಾಸಿಗೆ 20. ಬೈಕು, ಸ್ಕೂಟರ್‌ಗಳಿಗೆ ಸದ್ಯಕ್ಕೆ ಏನೂ ಬೇಡ. ಇದಕ್ಕೆ ಎದುರು ಬರುವ ಮಾತುಗಳಲ್ಲಿ ಕೆಲವು ಗಟ್ಟಿ ಇವೆ, ಕೆಲವು ಬರೀ ಸದ್ದು. ಎಲ್ಲಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

‘ಗಾಡಿ ಕೊಳ್ಳುವಾಗಲೇ ಟ್ಯಾಕ್ಸ್ ಕಟ್ಟಿದ್ದು, ಮತ್ತೆ ಎಂತಕ್ಕೆ ಕೊಡವು?’ ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂಪಾಯಿಯ ಕಾರಿಗೆ ಶೇ 14ರಷ್ಟು ಆಜೀವ ತೆರಿಗೆ ಇದೆ. ಅದು ಸಣ್ಣ ಮೊತ್ತವಲ್ಲ, ಒಪ್ಪಿದೆ. ಆದರೆ ಆ ಹಣ ಸಾರಿಗೆ ಇಲಾಖೆಯ ಮೂಲಕ ರಾಜ್ಯದ ಬೊಕ್ಕಸ ಸೇರುತ್ತದೆ. ಶಿರಸಿ ನೋಂದಣಿಯ ಕೆಎ-31ರ ಫಲಕ ಸಿಕ್ಕಿದ ಮಾತ್ರಕ್ಕೆ ನಗರಸಭೆಯ ನೆಲದಲ್ಲಿ ದಿನವಿಡೀ ಬೀಡುಬಿಡುವ ಹಕ್ಕು ಸಿಕ್ಕಿತು ಎಂದು ಯಾವ ಕಾಯಿದೆಯೂ ಹೇಳಿಲ್ಲ. ಕಾರೊಂದು ನಿಲ್ಲಲು ಲೆಕ್ಕ ಹಿಡಿಯುವ ಜಾಗ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಅಂದರೆ ಸುಮಾರು 135 ಚದರ ಅಡಿ. ಮಂಗಳವಾರದ ಸಂತೆಯಲ್ಲಿ ಗೋಣಿಚೀಲದಷ್ಟಗಲ ಜಾಗದಲ್ಲಿ ಬಸಳೆ, ಹರಿವೆ ಹರಡಿಕೊಂಡು ಕೂತ ಹೆಂಗಸಿನಿಂದ ನೆಲಬಾಡಿಗೆ ಕೇಳಿದರೆ ನಮಗಾರಿಗೂ ಅನ್ಯಾಯ ಅನಿಸುವುದಿಲ್ಲ. ಅವಳ ಹತ್ತು ಪಟ್ಟು ಜಾಗ ಹಿಡಿದವನನ್ನು ಕೇಳಿದರೆ ಮಾತ್ರ ಅದು ಸುಲಿಗೆ! ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಕೂಡ ನಿಲುಗಡೆ ಶುಲ್ಕ ಆ ಜಾಗದ ಬೆಲೆಗೆ ತಕ್ಕಂತೆ ಇರಬೇಕು ಎಂದೇ ಹೇಳಿದೆ. ನಾನು ಕೇಳುವ ಹತ್ತು ರೂಪಾಯಿ ಆ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ.

‘ಗಿರಾಕಿ ಬರುವುದಿಲ್ಲ, ವ್ಯಾಪಾರ ಬಿದ್ದುಹೋಗುತ್ತದೆ’ ಎನ್ನುವುದು ಅಂಗಡಿಕಾರರ ಅಳಲು. ಇದಕ್ಕೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಶುಲ್ಕದಿಂದ ಎಲ್ಲರಿಗಿಂತ ಹೆಚ್ಚು ಲಾಭ ಅವರಿಗೇ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಏಳುವ ಹೊತ್ತಿಗೆ ಅಂಗಡಿ ಎದುರು ಬಂದು ನಿಲ್ಲುವ ಮೊದಲ ಕಾರು ಯಾರದು? ಬಹಳಷ್ಟು ಕಡೆ ಮಾಲೀಕರದೇ. ಪಕ್ಕದ್ದು ಮೇಲಿನ ಮಹಡಿಯ ಕಚೇರಿಯವರದು. ಸಂಜೆ ಏಳೂವರೆಗೆ ಬಾಗಿಲು ಹಾಕುವ ತನಕ ಅವು ಅಲುಗಾಡುವುದಿಲ್ಲ. ಒಬ್ಬ ಗಿರಾಕಿ ನಲವತ್ತು ನಿಮಿಷ ನಿಂತು ಹೋದರೂ ಅದೇ ಜಾಗದಲ್ಲಿ ಹತ್ತು ತಾಸಿಗೆ ಹದಿನೈದು ಕಾರು ಬಂದು ಹೋಗಬಹುದು. ಹದಿನೈದು ಗಿರಾಕಿಗಳ ಜಾಗದಲ್ಲಿ ತನ್ನದೊಂದು ಕಾರು ನಿಲ್ಲಿಸಿ, ಗಲ್ಲಾದ ಮುಂದೆ ಕೂತು, ಪೇಟೆಯಲ್ಲಿ ಪಾರ್ಕಿಂಗ್ ಇಲ್ಲದೆ ವ್ಯಾಪಾರ ಕೆಟ್ಟಿತು ಎಂದರೆ ಹೇಗೆ? ಮೇಲಿನ ದರದಲ್ಲಿ ಹತ್ತು ತಾಸಿಗೆ 160 ರೂಪಾಯಿಗೂ ಮೇಲಾಗುತ್ತದೆ. ದಿನಾ ಅಷ್ಟು ತೆರುವುದಕ್ಕಿಂತ ಕಾರನ್ನು ಸ್ವಲ್ಪ ದೂರ ಬಿಟ್ಟು ನಡೆದು ಬರುವುದೇ ಮೇಲು ಎಂದು ಅವರಿಗೂ ಅನಿಸಲಿ. ಶುಲ್ಕ ಇರುವುದೇ ಅದಕ್ಕೆ.

ಅಂಗಡಿ ಬಾಗಿಲಿಗೆ ಕಾರು ಬಂದರಷ್ಟೇ ವ್ಯಾಪಾರ ಎಂಬ ನಂಬಿಕೆಯನ್ನು ನಮ್ಮ ಮಾರಿಕಾಂಬೆಯೇ ಎರಡು ವರ್ಷಕ್ಕೊಮ್ಮೆ ಸುಳ್ಳು ಮಾಡುತ್ತಾಳೆ. ದೇವಿಯ ಜಾತ್ರೆ ನಡೆಯುವ ಬಿಡ್ಕಿ ಬಯಲಿನ ಸುತ್ತ ಆ ದಿನಗಳಲ್ಲಿ ವಾಹನ ಬಿಡುವುದಿಲ್ಲ. ಜನ ನಡೆದೇ ಬರುತ್ತಾರೆ, ಕೈತುಂಬ ಕೊಂಡೂ ಹೋಗುತ್ತಾರೆ. ಜಾತ್ರೆಯ ಮಾತೇ ಬೇರೆ ಎನ್ನುವವರಿಗೆ ಹೊರಗಿನದೊಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನಾ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಬಂದವು. ಅಲ್ಲಿನ ಅಂಗಡಿಯವರೂ ಮೊದಲು ಇದನ್ನೇ ಹೇಳಿ ವಿರೋಧಿಸಿದ್ದರು. ಮೀಟರಿನ ಹಣವನ್ನು ಅದೇ ಬೀದಿಗಳಿಗೆ ಖರ್ಚು ಮಾಡುತ್ತೇವೆ ಎಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. ಆ ಹಣದಲ್ಲಿ ಕಾಲುದಾರಿ, ದೀಪ, ಗಿಡಮರ ಬಂದವು; ಹಾಳು ಸುರಿಯುತ್ತಿದ್ದ ಪೇಟೆ ಚಿಗುರಿತು.

‘ಹಳ್ಳಿಯವರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ.’ ಈ ಮಾತಿಗೆ ನಾನು ತಲೆಬಾಗಿ ಕಿವಿಗೊಡುತ್ತೇನೆ. ಘಟ್ಟದ ಮೇಲಿನ ನಮ್ಮ ಊರುಗಳಿಗೆ ಬಸ್ಸು ಬರುವುದೇ ದಿನಕ್ಕೊಂದೆರಡು ಸಲ. ಒಂದು ಬಸ್ಸು ತಪ್ಪಿದರೆ ಸಂಜೆಯ ತನಕ ಪೇಟೆಯಲ್ಲೇ ಗತಿ. ಅಲ್ಲಿ ಕಾರು, ಜೀಪು ಶೋಕಿಯಲ್ಲ. ಆದರೆ ಈಗಿನ ಪುಕ್ಕಟೆ ವ್ಯವಸ್ಥೆಯಲ್ಲಿ ಹಳ್ಳಿಯವನಿಗೆ ಸಿಗುತ್ತಿರುವುದಾದರೂ ಏನು? ಹುಲೇಕಲ್ಲಿನಿಂದ ಬೆಳಿಗ್ಗೆ ಹೊರಟವನು ಪೇಟೆ ಮುಟ್ಟುವಾಗ ಹತ್ತಿರದವರೆಲ್ಲ ಜಾಗ ಹಿಡಿದಾಗಿರುತ್ತದೆ. ಐದು ರಸ್ತೆಯಿಂದ ದೇವಿಕೆರೆಗೆ, ಅಲ್ಲಿಂದ ತಿರುಗಿ ಮತ್ತೆ ಐದು ರಸ್ತೆಗೆ ಸುತ್ತು ಹೊಡೆಯುತ್ತ ಪೆಟ್ರೋಲ್ ಸುಡುವವನು ಅವನೇ. ಆ ಪೆಟ್ರೋಲಿಗೆ ಯಾರೂ ರಶೀದಿ ಕೊಡುವುದಿಲ್ಲ, ಅಷ್ಟೇ. ಅಡಿಕೆ ಚೀಲ ತಂದವರು ಸಹಕಾರಿ ಸಂಘವಾದ ಟಿಎಸ್‌ಎಸ್‌ಗೋ ಎಪಿಎಂಸಿ ಪ್ರಾಂಗಣಕ್ಕೋ ಹೋಗುತ್ತಾರೆ. ಅಲ್ಲಿಗೆ ಈ ಶುಲ್ಕ ಹೋಗುವುದಿಲ್ಲ. ಉಳಿದದ್ದು ಬ್ಯಾಂಕು, ಔಷಧಿ ಅಂಗಡಿ, ಪಂಪ್‌ಸೆಟ್ಟಿನ ಬಿಡಿಭಾಗ. ಅರ್ಧ ತಾಸಿನಲ್ಲಿ ಮುಗಿದರೆ ಬಿಡಿಗಾಸೂ ಕೊಡಬೇಕಿಲ್ಲ. ಪಂಡಿತ ಆಸ್ಪತ್ರೆಯ ಸುತ್ತಲಿನ ರಸ್ತೆಗಳನ್ನು ಮಾತ್ರ ಪೂರ್ತಿ ಹೊರಗಿಡಬೇಕು. ರೋಗಿಯ ಕಡೆಯವರು ಗಡಿಯಾರ ನೋಡುತ್ತ ಕೂರುವಂತಾಗಬಾರದು.

‘ಶಿರಸಿ ಏನು ಬೆಂಗಳೂರೇ?’ ಅಲ್ಲ. ಅದಕ್ಕೇ ದರವೂ ಬೆಂಗಳೂರಿನದಲ್ಲ. ಅಲ್ಲಿ 2020ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ ಕಾರಿಗೆ ತಾಸಿಗೆ ರಸ್ತೆಯ ವರ್ಗ ನೋಡಿ 15ರಿಂದ 30 ರೂಪಾಯಿ ಇಟ್ಟಿದ್ದರು. ಇನ್ನು, ಶಿರಸಿಗೆ ಬಂದದ್ದು ನಾಳೆ ಸಿದ್ದಾಪುರ, ಯಲ್ಲಾಪುರಕ್ಕೂ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಸಿದ್ದಾಪುರದಲ್ಲಿ ಬುಧವಾರದ ಸಂತೆ ಬಿಟ್ಟರೆ ಜಾಗಕ್ಕೆ ಅಂಥ ತತ್ವಾರವಿಲ್ಲ; ಅಲ್ಲಿಗೆ ಬೇಕಿಲ್ಲ. ಯಲ್ಲಾಪುರದ ರೋಗವೇ ಬೇರೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಊರೊಳಗೇ ಹಾದಿರುವುದರಿಂದ ಅಲ್ಲಿ ಕಾಡುವುದು ಲಾರಿಗಳು. ಅದಕ್ಕೆ ಪೊಲೀಸರ ದಂಡವೇ ಮದ್ದು, ಪಟ್ಟಣ ಪಂಚಾಯಿತಿಯ ರಶೀದಿಯಲ್ಲ.

‘ಮೊದಲು ಬಹುಮಹಡಿ ಪಾರ್ಕಿಂಗ್ ಕಟ್ಟಿ, ಆಮೇಲೆ ದುಡ್ಡು ಕೇಳಿ.’ ಆದರೆ ಕಟ್ಟಡಕ್ಕೆ ಕಾಯುತ್ತ ಕೂತರೆ ಕೆಲಸ ಆಗುವುದಿಲ್ಲ. ಮೈಸೂರಿನ ಪುರಭವನದ ಬಳಿ ನೆಲದಡಿಯ ಪಾರ್ಕಿಂಗ್ ವರ್ಷಗಟ್ಟಲೆ ನನೆಗುದಿಗೆ ಬಿದ್ದದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಫ್ರೀಡಂ ಪಾರ್ಕಿನ ಕಟ್ಟಡವಂತೂ ಕಟ್ಟಿಯಾದ ಮೇಲೂ ಬಹುಕಾಲ ಬಾಗಿಲು ಮುಚ್ಚಿಕೊಂಡಿತ್ತು. ಮತ್ತೆ ಮತ್ತೆ ಟೆಂಡರ್ ಕರೆದರೂ ನಡೆಸುವವರು ಸಿಗದೆ ಅದು ತೆರೆದದ್ದು 2024ರಲ್ಲಿ. ರಸ್ತೆಬದಿ ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ಮೂರನೇ ಮಹಡಿಗೆ ಕಾರು ಹತ್ತಿಸುವವರು ಯಾರು?

ಕೊನೆಯ ಆಕ್ಷೇಪ ನನ್ನನ್ನೂ ಕಾಡುತ್ತದೆ: ‘ಹಣ ಗುತ್ತಿಗೆದಾರನ ಜೇಬಿಗೆ ಹೋಗುತ್ತದೆ.’ ಹೋಗಬಹುದು. ಪ್ರವಾಸಿ ತಾಣಗಳಲ್ಲಿ ಹರಿದ ಚೀಟಿ ಕೈಗಿಟ್ಟು ಬಾಯಿಗೆ ಬಂದ ದರ ಹೇಳುವವರನ್ನು ಯಾರು ನೋಡಿಲ್ಲ? ಹಾಗಾಗಿ ಕೆಲವು ಕರಾರು ಮೊದಲೇ ಆಗಬೇಕು. ಪ್ರತಿ ರಸ್ತೆಯಲ್ಲೂ ಕನ್ನಡದಲ್ಲಿ ದರದ ಫಲಕ ಇರಬೇಕು, ಬಿಳಿ ಪಟ್ಟಿ ಎಳೆದಿರಬೇಕು. ಗಾಡಿ ಬಂದ ಹೊತ್ತು ನಮೂದಾದ ಮುದ್ರಿತ ರಶೀದಿ ಕೊಡಬೇಕು. ರಶೀದಿ ಇಲ್ಲದಿದ್ದರೆ ಹಣವೂ ಇಲ್ಲ. ವಸೂಲಾದದ್ದು ನಗರಸಭೆಯ ಪ್ರತ್ಯೇಕ ಖಾತೆಗೆ ಬಂದು, ಅದೇ ರಸ್ತೆಗಳ ಕಾಲುದಾರಿಗೂ ಹೆಂಗಸರ ಶೌಚಾಲಯಕ್ಕೂ ಖರ್ಚಾಗಬೇಕು. ತಿಂಗಳ ಲೆಕ್ಕವನ್ನು ನಗರಸಭೆಯ ಬಾಗಿಲಲ್ಲಿ ಅಂಟಿಸಬೇಕು. ಇಷ್ಟನ್ನು ಟೆಂಡರ್ ಕರೆಯುವ ಮೊದಲೇ ಬರೆದಿಡದಿದ್ದರೆ ನಾನೂ ವಿರೋಧಿಗಳ ಸಾಲಿಗೇ ಬಂದು ನಿಲ್ಲುತ್ತೇನೆ.