ಹಲ್ಲು ಕೀಳಿಸಿದ ಮೇಲೆ ಹೆಪ್ಪು ಕದಡಬೇಡಿ

ಹೈಸ್ಕೂಲಿನ ಮಕ್ಕಳಿಗೆ ಹಲ್ಲಿನ ಪಾಠ ಮಾಡುವುದು ಬಲು ಸುಲಭ. ಮಾದರಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಎದುರು ಕುಳಿತವರು ಬಾಯಿ ತೆರೆದರೆ ಸಾಕು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ಒಳಗಿನ ನರಕ್ಕೆ ಕೆಂಪು ಸೀಮೆಸುಣ್ಣದ ಗೆರೆ ಎಳೆದು, 'ಹುಳುಕು ಇಲ್ಲಿಯವರೆಗೆ ತಲುಪಿದರೆ ನೋವು ಶುರು' ಎಂದು ವರ್ಷವರ್ಷವೂ ಹೇಳಿಕೊಂಡು ಬಂದವನು ನಾನು. ಆದರೆ ನನ್ನದೇ ಬಾಯಿಯ ವಿಷಯ ಬಂದಾಗ ಆ ಪಾಠವೆಲ್ಲ ಎಲ್ಲಿ ಹೋಯಿತೋ!

ಕೆಳದವಡೆಯ ಎಡಬದಿಯ ಹಲ್ಲೊಂದು ಎರಡು ವರ್ಷ ನನಗೆ ನೋಟೀಸು ಕೊಡುತ್ತಲೇ ಇತ್ತು. ತಣ್ಣೀರು ಕುಡಿದರೆ ಜುಮ್ಮೆನ್ನುವುದು ಮೊದಲ ನೋಟೀಸು. ಬಿಸಿ ಕಾಫಿಗೆ ಹುಟ್ಟಿದ ನೋವು ಅರ್ಧ ಗಂಟೆ ಬಿಡದೆ ನಿಲ್ಲುವುದು ಎರಡನೆಯದು. ರಾತ್ರಿ ಮಲಗಿದಾಗ ತಾನಾಗಿಯೇ ಮಿಡಿಯತೊಡಗುವುದು ಮೂರನೆಯದು. ಮೂರಕ್ಕೂ ನಾನು ಲವಂಗದೆಣ್ಣೆ ಮತ್ತು ನೋವಿನ ಮಾತ್ರೆಯಿಂದಲೇ ಉತ್ತರ ಕೊಟ್ಟೆ. ಆಮೇಲೊಂದು ದಿನ ನೋವು ನಿಂತೇಹೋಯಿತು. 'ವಾಸಿಯಾಯಿತು' ಎಂದು ಮನೆಯಲ್ಲಿ ಹೇಳಿದೆ. ನಿಜಸಂಗತಿ ಏನೆಂದರೆ, ಹಲ್ಲಿನೊಳಗಿನ ನರ ಸತ್ತಿತ್ತು. ಸತ್ತದ್ದಕ್ಕೆ ನೋವೆಲ್ಲಿ? ಕೊಳೆ ಮಾತ್ರ ಬೇರಿನ ತುದಿಯಿಂದ ಎಲುಬಿನೊಳಗೆ ಇಳಿಯುತ್ತಿತ್ತು. ಮಳೆಗಾಲದ ಒಂದು ಬೆಳಗ್ಗೆ ಕನ್ನಡಿ ನೋಡಿದರೆ ಎಡಗೆನ್ನೆ ಗುಜ್ಜೆಯ ಹಾಗೆ ಊದಿಕೊಂಡಿತ್ತು.

ಸುಳ್ಯದ ದಂತವೈದ್ಯರು ಎಕ್ಸ್‌ರೇ ನೋಡಿ, "ಎಂತ ಮಾಷ್ಟ್ರೇ, ನೀವೇ ಹೀಗೆ ಮಾಡಿದರೆ ಹೇಗೆ? ಎರಡು ವರ್ಷದ ಹಿಂದೆ ಬಂದಿದ್ದರೆ ಬೇರಿನ ನಾಳ ಶುಚಿ ಮಾಡಿ ಉಳಿಸಬಹುದಿತ್ತು. ಈಗ ಹಲ್ಲು ಬೇರಿನವರೆಗೆ ಸೀಳಿದೆ" ಎಂದರು. ಊತ ಇಳಿಯಲು ಔಷಧ ಕೊಟ್ಟು, ಹಲ್ಲು ತೆಗೆಯಲು ಒಂದು ದಿನ ಗೊತ್ತುಮಾಡಿದರು. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಔಷಧ ಅಲ್ಲಿ ಸರಿಯಾಗಿ ನಾಟುವುದಿಲ್ಲ.

ಹಾಗಾಗಿ ಮೊದಲ ಮಾತು ಇದು: 'ತೆಗೆದುಬಿಡಿ' ಎಂದು ಹೇಳುವ ಮೊದಲು 'ಉಳಿಸಲು ಸಾಧ್ಯವೇ?' ಎಂದು ಕೇಳಿ. ತೆಗೆಯಲೇಬೇಕಾದರೆ ಹೆದರಬೇಡಿ. ಏಕೆ ಹೆದರಬಾರದು, ಎಲ್ಲಿ ಮಾತ್ರ ಎಚ್ಚರವಾಗಿರಬೇಕು ಎಂಬುದೇ ಈ ವಾರದ ವಿಷಯ.

ಹೊರಡುವ ಮುನ್ನ

ನಮ್ಮ ಸಂಪಾಜೆಯವರಿಗೆ ಹಲ್ಲಿನ ಆಸ್ಪತ್ರೆ ಈಗ ದೂರವೇನಲ್ಲ. ಸುಳ್ಯದಲ್ಲಿ 1991ರಲ್ಲಿ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು ಆರಂಭವಾಯಿತು. ಕೊಡಗಿನ ವಿರಾಜಪೇಟೆಯಲ್ಲಿ 1999ರಲ್ಲಿ ಇನ್ನೊಂದು ಬಂತು. ಆದರೂ ಘಟ್ಟದ ಬುಡದಲ್ಲಿರುವವರು ರಸ್ತೆಯನ್ನು ಮರೆಯುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ವಾರಗಟ್ಟಲೆ ಮುಚ್ಚಿತ್ತಲ್ಲ. ಆದ್ದರಿಂದ ಹಲ್ಲು ಕೀಳಿಸಲು ಬೆಳಗ್ಗೆಯೇ ಹೋಗಿ. ರಕ್ತ ನಿಲ್ಲದಿದ್ದರೆ ಹಗಲಿರುವಾಗಲೇ ತಿರುಗಿ ಹೋಗಬಹುದು. ಬರಿಹೊಟ್ಟೆಯಲ್ಲಿ ಹೋಗಬೇಡಿ. ಸ್ಥಳೀಯವಾಗಿ ಮರಗಟ್ಟಿಸಿ ತೆಗೆಯುವಾಗ ಉಪವಾಸ ಬೇಕಾಗಿಲ್ಲ. ಹಸಿದವರೇ ಕುರ್ಚಿಯಲ್ಲಿ ತಲೆತಿರುಗಿ ಬೀಳುವುದು ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ನೀವು ತಿನ್ನುವ ಮಾತ್ರೆಗಳ ಚೀಟಿ. 'ಹಲ್ಲಿನ ಡಾಕ್ಟರಿಗೆ ಹೃದಯದ ವಿಷಯ ಏಕೆ?' ಎಂದು ಅನೇಕರು ಸುಮ್ಮನಿರುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಲೂಬಾರದು. ಬಾಯಿಯ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು. ಹೃದಯದಲ್ಲಿ ಕಟ್ಟಿದ ಹೆಪ್ಪನ್ನು ಹಾಗೆ ಮಾಡಲಾಗದು. ಮಧುಮೇಹ, ರಕ್ತದೊತ್ತಡ, ಬದಲಾಯಿಸಿದ ಹೃದಯದ ಕವಾಟ, ಔಷಧದ ಅಲರ್ಜಿ, ಬಸಿರು ಎಲ್ಲವನ್ನೂ ಹೇಳಿ. ಎಲುಬು ಸವೆತಕ್ಕೆ ಅಲೆಂಡ್ರೋನೇಟ್‌ನಂಥ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡ ಹಿರಿಯರೂ ಹೇಳಬೇಕು. ಅವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಜಾಗದ ಎಲುಬು ಮಾಯದೆ ತೊಂದರೆ ಕೊಡುವುದುಂಟು.

ಕುರ್ಚಿಯ ಮೇಲೆ

ಅರಿವಳಿಕೆಯ ಚರಿತ್ರೆ ಶುರುವಾಗುವುದು ಹಲ್ಲಿನಿಂದಲೇ ಎಂದರೆ ತಪ್ಪಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 10ರಂದು ನಗೆಯನಿಲದ ಒಂದು ಪ್ರದರ್ಶನ ನೋಡಿದ. ಅನಿಲ ಸೇವಿಸಿದವನೊಬ್ಬ ಕಾಲಿಗೆ ಗಾಯ ಮಾಡಿಕೊಂಡರೂ ನೋವೆನ್ನಲಿಲ್ಲ. ಮರುದಿನವೇ ವೆಲ್ಸ್ ತಾನು ಆ ಅನಿಲ ಸೇವಿಸಿ, ಸಹೋದ್ಯೋಗಿಯಿಂದ ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಈಥರ್‌ನಿಂದ ಜಗತ್ತಿಗೆ ಹೆಸರಾದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಈಗ ನಮ್ಮ ವಸಡಿಗೆ ಚುಚ್ಚುವ ಲಿಡೊಕೇನ್ ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದ ವಸ್ತು. ಪ್ರಜ್ಞೆ ತಪ್ಪಿಸದೆ, ಬೇಕಾದ ಜಾಗವನ್ನಷ್ಟೇ ಮರಗಟ್ಟಿಸುತ್ತದೆ.

ಸೂಜಿ ಚುಚ್ಚುವಾಗ ನೋವಿದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದು ಕೆಲವು ಕ್ಷಣಗಳದ್ದು. ಔಷಧದ ಜೊತೆ ಬೆರೆಸಿರುವ ಅಡ್ರಿನಲಿನ್‌ನಿಂದ ಕೆಲವರಿಗೆ ಒಂದೆರಡು ನಿಮಿಷ ಎದೆ ಡವಗುಟ್ಟಬಹುದು. ರಕ್ತನಾಳವನ್ನು ಕುಗ್ಗಿಸಿ, ಔಷಧ ಬೇಗ ಹರಿದುಹೋಗದಂತೆ ತಡೆಯಲು ಅದು ಬೇಕು. ಕೆಳಗಿನ ಹಿಂದಿನ ಹಲ್ಲಾದರೆ ದವಡೆಯ ಮೂಲೆಯಲ್ಲಿ ನರಕ್ಕೇ ತಡೆ ಹಾಕುತ್ತಾರೆ. ಐದು ನಿಮಿಷದಲ್ಲಿ ಅರ್ಧ ತುಟಿ ನಮ್ಮದಲ್ಲವೆನಿಸುತ್ತದೆ.

ಮುಂದಿನದು ಎಲ್ಲರೂ ತಪ್ಪು ತಿಳಿದಿರುವ ಸಂಗತಿ. ಹಲ್ಲನ್ನು ಯಾರೂ ಎಳೆದು ತೆಗೆಯುವುದಿಲ್ಲ. ಹಲ್ಲು ಎಲುಬಿಗೆ ಅಂಟಿಕೊಂಡಿಲ್ಲ; ಕೂದಲಿಗಿಂತ ತುಸು ದಪ್ಪದ ಸಂದಿನಲ್ಲಿ ಸಾವಿರಾರು ಸಣ್ಣ ನಾರುಗಳು ಅದನ್ನು ಗೂಡಿಗೆ ಕಟ್ಟಿಹಾಕಿವೆ. ಬೇಲಿಯ ಗೂಟ ಕೀಳುವಾಗ ನಾವೇನು ಮಾಡುತ್ತೇವೆ? ಆಚೆಗೊಮ್ಮೆ ಈಚೆಗೊಮ್ಮೆ ಅಲುಗಿಸಿ ಮಣ್ಣು ಸಡಿಲಿಸುತ್ತೇವೆ. ವೈದ್ಯರೂ ಹಾಗೆಯೇ ಗೂಡನ್ನು ಅಗಲಿಸಿ, ನಾರು ಬಿಡಿಸಿ, ಕೊನೆಗೆ ಇಕ್ಕಳ ಹಾಕುತ್ತಾರೆ. ಒತ್ತಡ ಚೆನ್ನಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಒತ್ತಡ ತಿಳಿಸುವ ದಪ್ಪ ನರತಂತುಗಳನ್ನು ಈ ಔಷಧ ಪೂರ್ತಿ ತಡೆಯುವುದಿಲ್ಲ. ಕಿವಿಯೊಳಗೆ ಕಟಕಟ ಸದ್ದೂ ಕೇಳುತ್ತದೆ; ಅದು ಎಲುಬಿನ ಮೂಲಕ ಬರುವ ಸದ್ದು. ಶ್ರುತಿಕವೆಯನ್ನು ಗದ್ದಕ್ಕೆ ಮುಟ್ಟಿಸಿದರೆ ಕೇಳುತ್ತದಲ್ಲ, ಹಾಗೆ. ಒತ್ತಡ ಬೇರೆ, ನೋವು ಬೇರೆ. ಚುಚ್ಚಿದ ಹಾಗೆ ನೋವಾದರೆ ಕೈಯೆತ್ತಿ. ಇನ್ನಷ್ಟು ಔಷಧ ಕೊಡುತ್ತಾರೆ. ಸಹಿಸಿಕೊಂಡು ಕೂರುವುದು ಶೌರ್ಯವಲ್ಲ.

'ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ' ಎಂಬ ಮಾತು ನಮ್ಮಲ್ಲಿ ಇಂದಿಗೂ ಇದೆ. ನೋಟದ ನರ ತಲೆಬುರುಡೆಯ ಎರಡನೆಯ ನರ. ಹಲ್ಲಿನ ಸುದ್ದಿ ಒಯ್ಯುವುದು ಐದನೆಯ ನರ. ಎರಡರ ದಾರಿಯೂ ಬೇರೆ. ಮಡಿಕೇರಿ ಬಸ್ಸು ನಿಂತರೆ ಪುತ್ತೂರಿನ ರೈಲೂ ನಿಲ್ಲುತ್ತದೆಯೇ?

ಹೆಪ್ಪು ಎಂಬ ಹೆಪ್ಪು

ನನ್ನ ಹಲ್ಲು ಬರಲು ಹತ್ತು ನಿಮಿಷ ಹಿಡಿಯಿತು. ಎರಡು ವರ್ಷ ಹೆದರಿದ್ದು ಈ ಹತ್ತು ನಿಮಿಷಕ್ಕೆ! ಆದರೆ ಕೆಲಸ ಮುಗಿಯುವುದು ಅಲ್ಲಿಗಲ್ಲ. ವೈದ್ಯರ ಪಾಲು ಮುಗಿದು ನಮ್ಮ ಪಾಲು ಶುರುವಾಗುವುದು ಆಗಲೇ.

ಹಲ್ಲು ಹೋದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ, ಹೊಸ ಎಲುಬಿಗೆ ಅಡಿಪಾಯ. ಕನ್ನಡದಲ್ಲಿ ಹಾಲಿಗೆ ಹಾಕುವುದಕ್ಕೂ ರಕ್ತ ಕಟ್ಟುವುದಕ್ಕೂ ಹೆಪ್ಪು ಎಂದೇ ಹೇಳುತ್ತೇವೆ. ಹೆಪ್ಪು ಹಾಕಿದ ಪಾತ್ರೆಯನ್ನು ಯಾವ ಗೃಹಿಣಿಯೂ ಅಲುಗಿಸಿ ನೋಡುವುದಿಲ್ಲ. ಬಾಯಿಯ ಹೆಪ್ಪಿಗೂ ಅದೇ ನಿಯಮ.

ಕೊಟ್ಟ ಬಟ್ಟೆಯ ಸುರುಳಿಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಅಂದು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಎಳನೀರನ್ನು ಕೊಳವೆಯಲ್ಲಿ ಹೀರಬಾರದು. ಹೀರುವಾಗ ಬಾಯೊಳಗಿನ ಒತ್ತಡ ಕಡಿಮೆಯಾಗಿ ಹೆಪ್ಪು ಎದ್ದು ಬರುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯ ಕೂಡದು. ತೋಟಕ್ಕೆ ಮದ್ದು ಬಿಡುವುದು, ಮೂಟೆ ಹೊರುವುದು ನಾಳೆ ನಾಡಿದ್ದಿಗಿರಲಿ. ತುಟಿಯ ಜೋಮು ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ಊಟಕ್ಕೆ ಕುಳಿತರೆ ತುಟಿಯನ್ನೇ ಜಗಿದೀರಿ, ಮಕ್ಕಳಂತೂ ಖಂಡಿತ. ಜೋಮು ಇಳಿಯುವ ಮೊದಲೇ ವೈದ್ಯರು ಹೇಳಿದ ನೋವಿನ ಮಾತ್ರೆ ನುಂಗಿ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಅದು ವಸಡನ್ನು ಸುಡುತ್ತದೆ. ಆರಿದ ಗಂಜಿ, ಮೊಸರನ್ನ ಅಂದಿಗೆ ಹಿತ. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಹಿಡಿದು, ಮೆಲ್ಲನೆ ಹೊರಗೆ ಬೀಳಬಿಡಿ. ಗುಳಿಯ ಮೇಲೆ ಬಿಳಿಹಳದಿ ಪದರ ಕಂಡರೆ ಕೀವೆಂದು ಕಡ್ಡಿ ಹಾಕಬೇಡಿ; ಸಾಮಾನ್ಯವಾಗಿ ಅದು ಗಾಯ ಮಾಯುವ ಲಕ್ಷಣ.

ಆ ರಾತ್ರಿ ದಿಂಬಿನ ಮೇಲೆ ಕೆಂಪು ಕಲೆ ಕಂಡು ನಾನೂ ಗಾಬರಿಯಾದೆ. ಹೊರಗೆ ಧೋ ಎಂದು ಮಳೆ. ದೀಪ ಹಾಕಿ ನೋಡಿದರೆ ಅದು ರಕ್ತಕ್ಕಿಂತ ಹೆಚ್ಚು ಎಂಜಲು. ಚಮಚದಷ್ಟು ರಕ್ತ ಬಾಯಿತುಂಬ ಎಂಜಲನ್ನು ಕೆಂಪು ಮಾಡಬಲ್ಲದು; ಪ್ರಯೋಗಶಾಲೆಯಲ್ಲಿ ಒಂದು ಹನಿ ಪೊಟ್ಯಾಸಿಯಂ ಪರ್ಮಾಂಗನೇಟು ಇಡೀ ಬೀಕರನ್ನು ಬಣ್ಣಗೊಳಿಸಿದ ಹಾಗೆ. ಶುಭ್ರ ಬಟ್ಟೆಯನ್ನು ಮಡಚಿ, ಒದ್ದೆ ಮಾಡಿ, ಗುಳಿಯ ಮೇಲಿಟ್ಟು ಅರ್ಧ ಗಂಟೆ ಕಚ್ಚಿ ಕುಳಿತೆ. ನಿಂತಿತು. ಹೀಗೆ ಎರಡು ಸಲ ಮಾಡಿಯೂ ರಕ್ತ ಬಾಯಿತುಂಬಿ ಬರುತ್ತಿದ್ದರೆ ಮಾತ್ರ ಬೆಳಗಾಗಲಿ ಎಂದು ಕಾಯಬಾರದು.

ಭಾವನ ಮೂರನೆಯ ದಿನ

ನನ್ನ ಭಾವ ಒಬ್ಬರು ಅಡಿಕೆ ಕೃಷಿಕರು. ಹಲ್ಲು ಕೀಳಿಸಿಕೊಂಡು ಬಂದ ಮರುದಿನವೇ ತೋಟಕ್ಕಿಳಿದವರು. "ನೋವೇ ಇಲ್ಲ ಮಾರಾಯ್ರೇ, ಸುಮ್ಮನೆ ಹೆದರಿಸುತ್ತಾರೆ" ಎಂದು ಸಂಜೆ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿದು, ಅಂಗಳಕ್ಕೆ ಪಿಚಕ್ಕನೆ ಉಗುಳಿದರು. ಮೂರನೆಯ ದಿನ ಕಿವಿಯವರೆಗೆ ಸೆಳೆಯುವ ನೋವು. ಮಾತ್ರೆಗೆ ಬಗ್ಗಲಿಲ್ಲ, ನಿದ್ದೆಯಿಲ್ಲ, ಬಾಯಲ್ಲಿ ದುರ್ವಾಸನೆ. ಹೆಪ್ಪು ಎದ್ದುಹೋಗಿ ಗುಳಿಯ ಎಲುಬು ಬತ್ತಲಾಗಿತ್ತು. ಇದನ್ನು ಒಣಗುಳಿ ಎನ್ನಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ ಕಾಣಿಸಿಕೊಳ್ಳುತ್ತದೆ. ಕೆಳಗಿನ ಹಿಂದಿನ ಹಲ್ಲುಗಳಲ್ಲಿ ಹೆಚ್ಚು. ಇದು ಸೋಂಕಲ್ಲ, ಆದ್ದರಿಂದ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಇಲ್ಲಿ ಕೆಲಸ ಮಾಡದು. ವೈದ್ಯರು ಗುಳಿ ತೊಳೆದು ಔಷಧದ ಎಳೆ ತುಂಬಿದ ಮೇಲೆ ಭಾವ ಅಂದು ರಾತ್ರಿ ನಿದ್ದೆ ಮಾಡಿದರು. ನೆನಪಿಡಿ: ನೋವು ದಿನದಿನಕ್ಕೆ ಇಳಿಯಬೇಕು, ಇಳಿದದ್ದು ಮೂರನೆಯ ದಿನ ಏರಿದರೆ ವೈದ್ಯರ ಬಳಿಗೆ ಹೋಗಬೇಕು.

ಜ್ವರ, ಬಾಯಿ ತೆರೆಯಲಾಗದಿರುವುದು, ಗದ್ದದ ಅಡಿಯ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ, ಇವು ಇನ್ನೂ ಗಂಭೀರ. ಹಲ್ಲಿನ ಕೀವು ನಾಲಿಗೆಯಡಿಗೆ ಇಳಿದು ಉಸಿರುನಾಳವನ್ನೇ ಅದುಮಬಲ್ಲದೆಂದು ಜರ್ಮನ್ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ ಕಾಯಿಲೆ ಇಂದಿಗೂ ಜೀವ ತೆಗೆಯುತ್ತದೆ. ಹಲ್ಲು ಕೀಳಿಸುವ ಮೊದಲಾಗಲಿ ಆಮೇಲಾಗಲಿ ಈ ಲಕ್ಷಣ ಕಂಡರೆ ದೊಡ್ಡಾಸ್ಪತ್ರೆಗೇ ಹೋಗಬೇಕು. ನನ್ನ ಕೆನ್ನೆ ಊದಿದ ದಿನ ನಾನು ಆ ದಾರಿಯ ಬಾಗಿಲಲ್ಲಿದ್ದೆ ಎಂದು ಈಗ ತಿಳಿಯುತ್ತದೆ.

ಇನ್ನೊಂದು ಮಾತನ್ನು ಅಡಿಕೆಯ ಊರಿನಲ್ಲಿ ಹೇಳುವುದು ಕಷ್ಟ, ಹೇಳದಿರುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು, ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ 2004ರಲ್ಲಿ ಸೇರಿಸಿತು. ದೀರ್ಘಕಾಲ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಹಲ್ಲು ಕೀಳಲು ಇಕ್ಕಳವೂ ಹೋಗದು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಿ ನೋಡಿ. ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಹಲ್ಲು ಕಿತ್ತ ಗಾಯ ಮೂರು ವಾರವಾದರೂ ಮಾಯದಿದ್ದರೆ, ಬಾಯಲ್ಲಿ ಹುಣ್ಣು ಉಳಿದರೆ, 'ಉಷ್ಣ' ಎಂದು ಕೂರಬೇಡಿ.

ಸಾಮಾನ್ಯವಾಗಿ ವಸಡು ಮೂರು ನಾಲ್ಕು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗೆ ಎಲುಬು ತುಂಬಲು ತಿಂಗಳುಗಳು ಬೇಕು. ಖಾಲಿ ಜಾಗವನ್ನು ಹಾಗೆಯೇ ಬಿಟ್ಟರೆ ಅಕ್ಕಪಕ್ಕದ ಹಲ್ಲು ವಾಲಬಹುದು, ಎದುರಿನದು ಕೆಳಗಿಳಿಯಬಹುದು. ಬದಲಿ ಹಲ್ಲಿನ ಬಗ್ಗೆ ಅಂದೇ ಕೇಳಿಕೊಳ್ಳುವುದು ಒಳ್ಳೆಯದು.

ಚಿಕ್ಕಂದಿನಲ್ಲಿ ಉದುರಿದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುತ್ತಿದ್ದೆವು, ಹೊಸದು ಬರಲೆಂದು. ಈ ವಯಸ್ಸಿನಲ್ಲಿ ಎಸೆದರೆ ಬರುವುದಿಲ್ಲವಷ್ಟೆ. ನನ್ನ ಹಲ್ಲನ್ನು ವೈದ್ಯರಿಂದ ಕೇಳಿ ತಂದು, ಶುಚಿಮಾಡಿ ಶೀಶೆಯಲ್ಲಿಟ್ಟಿದ್ದೇನೆ. ಹಲ್ಲಿನ ಪಾಠಕ್ಕೆ ಈಗ ಅದೇ ನನ್ನ ಮಾದರಿ. ಹುಳುಕಿನ ತೂತು, ಸೀಳು, ಬೇರಿನ ತುದಿ ಎಲ್ಲವನ್ನೂ ಮಕ್ಕಳು ತಿರುಗಿಸಿ ತಿರುಗಿಸಿ ನೋಡುತ್ತಾರೆ. "ನೋಯುವಾಗಲೇ ಯಾಕೆ ಹೋಗಲಿಲ್ಲ ಸರ್?" ಎಂದು ಒಬ್ಬಳು ಕೇಳಿದಳು.

"ಹೆದರಿಕೆ" ಎಂದೆ. ತರಗತಿ ನಕ್ಕಿತು. ಮಾರನೆಯ ವಾರ ಅದೇ ಹುಡುಗಿ ಎರಡು ದಿನ ರಜೆ ಕೇಳಿದಳು. ಅಜ್ಜಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಂತೆ. ಒಂದು ದಿನ ಕೀಳಿಸಲು, ಇನ್ನೊಂದು ದಿನ ಅಜ್ಜಿ ಎಲೆಯಡಿಕೆ ಹಾಕದ ಹಾಗೆ ಕಾಯಲು! ರಜೆ ಕೊಟ್ಟು, "ಒಂದು ದಿನ ಸಾಲದು, ಕಡಿಮೆಯೆಂದರೆ ಮೂರು ದಿನ ಕಾಯಬೇಕು" ಎಂದು ಹೇಳಿ ಕಳುಹಿಸಿದೆ.